ಬೀಗರು ಕೇಳುತ್ತಿದ್ದ ಮಳೆಗಾಲ

ಬಾದಾಮಿಯ ಬಸ್ ನಿಲ್ದಾಣದ ಹತ್ತಿರ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಯೊಂದಿದೆ. ಹೋದ ತಿಂಗಳು ಹೆಂಡತಿಯ ಜೊತೆ ಬನಶಂಕರಿಗೆ ಹೋಗಿ ಬರುವಾಗ ಅದರ ಮುಂದೆ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಪಕ್ಕದ ಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಆ ಎಣ್ಣೆಯ ಘಮದ ನಡುವೆ ಬ್ಯಾಟರಿಯ ಆಮ್ಲದ ಹುಳಿ ವಾಸನೆ ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಅಂಗಡಿಯವನು ರಸ್ತೆಯಲ್ಲಿ ಹೋಗುತ್ತಿದ್ದ ಯಾರನ್ನೋ ಕೂಗಿ, "ಏನ್ರಿ ಕಾಕಾ, ಊಟ ಆತೇನ್ರಿ?" ಎಂದ. ವಾಸನೆ ಒಂದೇ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಎರಡೂ ಒಟ್ಟಿಗೆ ಬಂದು ನನ್ನ ಮುಖವೆಲ್ಲ ಬಿಸಿಯಾಯಿತು.

"ಏನಾಯ್ತು?" ಎಂದಳು ಹೆಂಡತಿ.

"ಏನಿಲ್ಲ. ನಲವತ್ತು ವರ್ಷದ ಹಿಂದೆ ಇಲ್ಲೊಬ್ಬರನ್ನು ಬೈದಿದ್ದೆ."

"ಒಬ್ಬರನ್ನೇನಾ?" ಎಂದಳು.

ಅವಳ ಮಾತು ಸುಳ್ಳಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಇಪ್ಪತ್ತೊಂಬತ್ತು ವರ್ಷ. ಕೂತಲ್ಲಿ ಕೂರುವ ಜೀವ ನನ್ನದಲ್ಲ. ಚಹ ಆರುವುದನ್ನೂ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುತ್ತಿದ್ದವನು ನಾನು. ತುಮಕೂರಿನ ಕಡೆಯಿಂದ ವೈರ್‌ಲೆಸ್ ಇಂಜಿನಿಯರ್ ಆಗಿ ಬಾಗಲಕೋಟೆಗೆ ಬಂದಿದ್ದೆ. ಊರು ಆಗಿನ್ನೂ ವಿಜಾಪುರ ಜಿಲ್ಲೆಯಲ್ಲಿತ್ತು. ನನಗೆ ವಹಿಸಿದ ಕೆಲಸ ಕಾಗದದ ಮೇಲೆ ಎರಡೇ ಸಾಲು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಪೊಲೀಸರು, ಬೆಂಕಿ ಆರಿಸುವವರು, ಆಸ್ಪತ್ರೆಯವರು, ಹೊಳೆಯ ನೀರು ಅಳೆಯುವವರು ಎಲ್ಲರೂ ಒಂದೇ ರೇಡಿಯೋ ಜಾಲದಲ್ಲಿ ಮಾತಾಡಲು ಆಗುತ್ತದೆಯೇ ನೋಡುವುದು. ಒಂದು ಮಳೆಗಾಲ ನಡೆಸಿ, ಯೋಜನೆ ಬರೆದುಕೊಡುವುದು.

ಅಲ್ಲಿಯವರೆಗೆ ಅವರವರ ಪಾಡು ಅವರವರದು. ಪೊಲೀಸರ ಹತ್ತಿರ ವೈರ್‌ಲೆಸ್ ಸೆಟ್ಟಿತ್ತು, ಆದರೆ ಅದು ಪೊಲೀಸರ ಜೊತೆ ಮಾತ್ರ ಮಾತಾಡುತ್ತಿತ್ತು. ಇಳಕಲ್ಲಿನಲ್ಲಿ ನೂಲಿನ ಗೋದಾಮಿಗೆ ಬೆಂಕಿ ಬಿದ್ದರೆ ಬಾಗಲಕೋಟೆಗೆ ಟ್ರಂಕ್ ಕಾಲ್ ಹಚ್ಚಿ ಕೂರಬೇಕು. ಮಳೆ ಬಂದರೆ ಫೋನು ಸತ್ತೇ ಹೋಗುತ್ತಿತ್ತು. ಹೊಳೆಯ ಅಳತೆ ಬರೆಯುವವರಂತೂ ಟಪಾಲಿನಲ್ಲಿ ಕಳಿಸುತ್ತಿದ್ದರು. ನೀರು ಬಂದು ಹೋದ ಮೇಲೆ ನೀರು ಬರುತ್ತಿದೆ ಎಂಬ ಕಾಗದ ಬರುತ್ತಿತ್ತು.

ಫೆಬ್ರವರಿಯಿಂದ ಮೇವರೆಗೆ ನಾನು ಮತ್ತು ರಾಜೇಸಾಬ ಗುಡ್ಡ ಹತ್ತಿದೆವು. ರಾಜೇಸಾಬ ಗುಳೇದಗುಡ್ಡದವನು, ನನಗಿಂತ ಹತ್ತು ವರ್ಷ ದೊಡ್ಡವನು. ಜೀಪೂ ಅವನೇ ಓಡಿಸಬೇಕು, ಸೆಟ್ಟೂ ಅವನೇ ರಿಪೇರಿ ಮಾಡಬೇಕು. ಕಾರಿನ ಬ್ಯಾಟರಿಯನ್ನು ಹೆಗಲ ಮೇಲಿಟ್ಟು, ಕೆಳಗೆ ಗೋಣಿ ಮಡಿಸಿ ಹಾಕಿಕೊಂಡು ಅವನು ಮುಂದೆ. ಏರಿಯಲ್ ಕಂಬದ ತುಂಡುಗಳನ್ನು ಹೊತ್ತು ನಾನು ಹಿಂದೆ. ಬಾದಾಮಿಯ ಕೆಂಪು ಕಲ್ಲು ಹತ್ತು ಗಂಟೆಗೇ ಕಾದ ಹಂಚಿನಂತಾಗುತ್ತಿತ್ತು. ಒಂದು ಗುಡ್ಡದಿಂದ ಹುನಗುಂದ ಕೇಳಿಸಿದರೆ ಬಾದಾಮಿ ಕೇಳಿಸುತ್ತಿರಲಿಲ್ಲ, ಬಾದಾಮಿ ಕೇಳಿಸಿದರೆ ಇಳಕಲ್ಲು ಮಾಯ. "ಸಾವಕಾಶ ಮಾಡ್ರಿ ಸಾಹೇಬ್ರ, ಗುಡ್ಡ ಎಲ್ಲೂ ಓಡಿ ಹೋಗೂದಿಲ್ಲ" ಎಂದು ರಾಜೇಸಾಬ ಹೇಳುತ್ತಲೇ ಇದ್ದ. ನಾನು ಮುಂದಿನ ಗುಡ್ಡ ನೋಡುತ್ತಲೇ ಇದ್ದೆ. ಕೊನೆಗೆ ಹೆಸರಿಲ್ಲದ ಒಂದು ಬೋಳು ಗುಡ್ಡದ ಮೇಲೆ ಕಂಬ ನಿಲ್ಲಿಸಿದಾಗ ಎಲ್ಲ ಊರೂ ಒಂದರ ಹಿಂದೊಂದು ಮಾತಾಡಿದವು. ಇಳಕಲ್ಲಿನ ಕಂಪೌಂಡರನ ಕೆಮ್ಮು ಕೂಡ ಸ್ಪಷ್ಟವಾಗಿ ಕೇಳಿಸಿತು. ಅವತ್ತು ನಾನು ಕುಣಿದೆ ಎಂದು ರಾಜೇಸಾಬ ಆಮೇಲೆ ಊರಿಗೆಲ್ಲ ಹೇಳಿದ.

ಒಟ್ಟು ಆರು ಸೆಟ್ಟು. ಬಾಗಲಕೋಟೆಯಲ್ಲಿ ನನ್ನ ಕೋಣೆ ಮತ್ತು ಅಗ್ನಿಶಾಮಕ ಠಾಣೆ, ಬಾದಾಮಿ ಮತ್ತು ಹುನಗುಂದದ ಪೊಲೀಸ್ ಠಾಣೆಗಳು, ಇಳಕಲ್ಲಿನ ಆಸ್ಪತ್ರೆ, ಶಿವಯೋಗ ಮಂದಿರದಿಂದ ಸ್ವಲ್ಪ ಮೇಲೆ ಮಲಪ್ರಭೆಯ ದಂಡೆಯಲ್ಲಿದ್ದ ಅಳತೆಯ ಕೋಣೆ. ಗುಡ್ಡದ ಮೇಲಿನ ಯಂತ್ರ ಒಬ್ಬರ ಮಾತು ಹಿಡಿದು ಎಲ್ಲರಿಗೂ ದಾಟಿಸುತ್ತಿತ್ತು. ದಾರಿ ಮಾತ್ರ ಒಂದೇ. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಉಳಿದ ಐವರು ಸುಮ್ಮನಿದ್ದು ಕೇಳಬೇಕು. ಕೇಳದೆ ವಿಧಿಯೂ ಇಲ್ಲ. ಅದಕ್ಕೇ ನನ್ನ ಮೊದಲನೆಯ ನಿಯಮ: ಚುಟುಕಾಗಿ ಮಾತಾಡಬೇಕು.

ಈ ನಿಯಮವನ್ನು ಆ ಸೀಮೆಯಲ್ಲಿ ಜಾರಿಗೆ ತರುವುದು ಬ್ಯಾಟರಿ ಹೊತ್ತು ಗುಡ್ಡ ಹತ್ತುವುದಕ್ಕಿಂತ ಕಷ್ಟ. "ಊಟ ಆತೇನ್ರಿ?" ಎಂದು ಕೇಳದೆ ಮಾತು ಶುರು ಮಾಡಿದರೆ ಅಲ್ಲಿ ಜಗಳಕ್ಕೆ ಬಂದವರೆಂದೇ ಅರ್ಥ. ಸೆಟ್ಟಿನಲ್ಲೂ ಅದೇ. ಎಲ್ಲರೂ ಆರಾಮ ಕೇಳಿ, ಮಳೆ ಕೇಳಿ, ಆಮೇಲೆ ಕೆಲಸದ ಮಾತು. ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವರು ಅಳತೆಯ ಕೋಣೆಯ ಹನಮಪ್ಪನವರು.

ಹನಮಪ್ಪನವರಿಗೆ ಐವತ್ತು ದಾಟಿರಬೇಕು. ಧೋತರ, ಮಾಸಿದರೂ ನೆಟ್ಟಗೆ ಕೂರುವ ಟೋಪಿ. ಹದಿನಾಲ್ಕು ವರ್ಷದಿಂದ ದಿನಗೂಲಿಯ ಮೇಲೆ ಹೊಳೆಯ ನೀರು ಅಳೆದು ಬರೆಯುತ್ತಿದ್ದರು. ಅವರನ್ನು ಕಾಯಂ ಮಾಡುವ ಕಾಗದ ಆ ವರ್ಷವೇ ಮೇಲಕ್ಕೆ ಹೋಗಿತ್ತು. ಅವರ ಮಗಳು ಶಾಂತವ್ವನನ್ನು ಅದೇ ಬೇಸಿಗೆಯಲ್ಲಿ ಹುನಗುಂದಕ್ಕೆ ಕೊಟ್ಟಿದ್ದರು. ಮಾವ ಸಂಗಪ್ಪನವರು ಹುನಗುಂದ ಠಾಣೆಯಲ್ಲಿ ಸೆಟ್ಟಿನ ಮುಂದೆ ಕೂರುವ ಹವಾಲ್ದಾರರು. ಅಂದರೆ ನನ್ನ ಜಾಲದ ಈ ತುದಿಯಲ್ಲೊಬ್ಬರು ಬೀಗರು, ಆ ತುದಿಯಲ್ಲೊಬ್ಬರು ಬೀಗರು. ನಾನು ನಕ್ಷೆಯಲ್ಲಿ ಗುಡ್ಡಗಳ ಎತ್ತರ ಬರೆದುಕೊಂಡಿದ್ದೆ. ಇದನ್ನು ಬರೆದುಕೊಂಡಿರಲಿಲ್ಲ.

ಮೇ ಕೊನೆಯಲ್ಲಿ ವಿಜಾಪುರದಿಂದ ದೊಡ್ಡ ಸಾಹೇಬರು ಪರೀಕ್ಷೆ ನೋಡಲು ಬಂದರು. ನನ್ನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಬಾದಾಮಿ ಚುಟುಕಾಗಿ ಮಾತಾಡಿತು, ಇಳಕಲ್ಲು ಚುಟುಕಾಗಿ ಮಾತಾಡಿತು. ನನ್ನ ಎದೆ ಉಬ್ಬುತ್ತಿತ್ತು. ಅಳತೆಯ ಕೋಣೆಯನ್ನು ಕರೆದೆ.

"ನಮಸ್ಕಾರ್ರಿ ಸಾಹೇಬ್ರ, ಆರಾಮ ಅದೀರಿಲ್ರಿ? ಊಟ ಆತ್ರಿ? ಇಲ್ಲಿ ಬಿಸಲ ಅಂದ್ರ ಬಿಸಲ ನೋಡ್ರಿ. ಬೀಗ್ರು ಕೇಳಾಕ್ ಹತ್ತಾರೇನ್ರಿ? ಬೀಗ್ರ, ಶಾಂತವ್ವ ಹೆಂಗದಾಳ್ರಿ? ಅಕೀಗೆ ಬದನೀಕಾಯಿ ತ್ರಾಸ ಆಕ್ಕೈತ್ರಿ, ನಾ ಹೇಳೂದು ಮರತಿದ್ದೆ..."

ದೊಡ್ಡ ಸಾಹೇಬರು ಗಡಿಯಾರ ನೋಡಿ, ನನ್ನನ್ನು ನೋಡಿ, ತುಟಿಯ ಕೊನೆಯಲ್ಲಿ ನಕ್ಕರು. ಆ ನಗೆ ನನಗೆ ತಡೆಯಲಾಗಲಿಲ್ಲ. ಹನಮಪ್ಪನವರು ಮಾತು ನಿಲ್ಲಿಸಿದ ಕೂಡಲೇ ಗುಂಡಿ ಒತ್ತಿ ಕೂಗಿದೆ.

"ಬುದ್ಧಿ ಇದೆಯೇನ್ರೀ ನಿಮಗೆ? ಇದೇನು ನಿಮ್ಮ ಮನೆ ಜಗಲಿಯಾ? ನಿಮ್ಮಂಥವರ ಕೈಗೆ ಮೈಕು ಕೊಟ್ಟಿದ್ದು ನನ್ನ ತಪ್ಪು. ಅಂಕಿ ಹೇಳಿ, ಬಾಯಿ ಮುಚ್ಚಿ!"

ಆಮೇಲೆ ಹನಮಪ್ಪನವರು ಅಂಕಿ ಹೇಳಿದರು. ಅವರ ದನಿಯೇ ಅಲ್ಲವೇನೋ ಎನ್ನುವಷ್ಟು ಸಣ್ಣಗೆ ಹೇಳಿ ಮುಗಿಸಿದರು. ದೊಡ್ಡ ಸಾಹೇಬರು ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ರಾಜೇಸಾಬ ತಲೆದೂಗಲಿಲ್ಲ. ಅವನು ಹೊರಗೆ ಹೋಗಿ ಜೀಪಿನ ಗಾಜು ಒರೆಸತೊಡಗಿದ, ಅದಾಗಲೇ ಚೊಕ್ಕಟವಾಗಿತ್ತು.

ಜೂನ್ ಬಂತು. ನಮಸ್ಕಾರ, ಊಟ, ಆರಾಮ ಎಲ್ಲವನ್ನೂ ನಿಷೇಧಿಸಿ ಉಳಿದ ಐದೂ ಜಾಗಕ್ಕೆ ಕಾಗದ ಕಳಿಸಿದೆ. ಅದರಿಂದ ಮೊದಲು ಆದದ್ದೊಂದು ತಮಾಷೆ. ಗುಂಡಿ ಒತ್ತಿದ ಮೇಲೆ ಗುಡ್ಡದ ಯಂತ್ರ ಎಚ್ಚರವಾಗಲು ಒಂದು ಕ್ಷಣ ಬೇಕು; ಅಷ್ಟರಲ್ಲಿ ಆಡಿದ ಮಾತನ್ನು ಅದು ನುಂಗಿಬಿಡುತ್ತಿತ್ತು. ಹಿಂದೆ ಅದು ನುಂಗುತ್ತಿದ್ದುದು ನಮಸ್ಕಾರವನ್ನು. ಈಗ ಅಂಕಿಯನ್ನೇ ನುಂಗತೊಡಗಿತು, ಎಲ್ಲರೂ ಎರಡೆರಡು ಸಲ ಹೇಳಬೇಕಾಯಿತು. "ಮಂದಿ ಸುಮ್ನ ನಮಸ್ಕಾರ ಮಾಡ್ತಿದ್ದಿಲ್ರಿ" ಎಂದ ರಾಜೇಸಾಬ. ನಾನು ಕೇಳಿಸದವನಂತೆ ಯಂತ್ರದ ದೋಷ ಎಂದು ಪುಸ್ತಕದಲ್ಲಿ ಬರೆದೆ.

ಇನ್ನೊಂದು ಬದಲಾವಣೆಯೂ ಆಗಿತ್ತು. ಹೊಳೆಯ ಅಂಕಿ ಈಗ ಬಾದಾಮಿ ಠಾಣೆಯಿಂದ ಬರುತ್ತಿತ್ತು. ಹನಮಪ್ಪನವರು ದಿನಾ ಮುಂಜಾನೆ ಹತ್ತು ಹನ್ನೆರಡು ಕಿಲೋಮೀಟರು ಸೈಕಲ್ ತುಳಿದು ಬಂದು ಚೀಟಿ ಕೊಟ್ಟು ಹೋಗುತ್ತಾರಂತೆ, ಠಾಣೆಯವರು ಓದುತ್ತಾರಂತೆ. ಯಾಕೆ ಎಂದು ನಾನು ಕೇಳಲಿಲ್ಲ. ಅಂಕಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬರುತ್ತಿದೆಯಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ನೀರಿನ ಸುದ್ದಿ ನೀರಿಗಿಂತ ಮೊದಲು ಮುಟ್ಟಲಿ ಎಂದೇ ಅಲ್ಲಿ ಸೆಟ್ಟು ಇಟ್ಟದ್ದು. ಆ ಸುದ್ದಿ ಸೈಕಲ್ಲಿನ ಮೇಲೆ ಬರುತ್ತಿದೆ ಎಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಜುಲೈಯ ಒಂದು ಮುಂಜಾನೆ ಬಾಗಲಕೋಟೆಯಲ್ಲಿ ಬರೀ ಮೋಡ, ಒಂದು ಹನಿ ಇಲ್ಲ. ಮೇಲಿನ ಸೀಮೆಯಲ್ಲಿ ಎರಡು ದಿನದಿಂದ ಜಡಿಮಳೆ. ಅಳತೆಯ ಕೋಣೆಯ ಬಳಿ ಹೊಳೆ ಬೆಳಕು ಹರಿಯುವ ಹೊತ್ತಿಗೇ ಗಂಟೆಗೊಂದು ಮೆಟ್ಟಿಲು ನುಂಗತೊಡಗಿತ್ತು. ಹನಮಪ್ಪನವರು ಅಂಕಿ ಬರೆದುಕೊಂಡು ಸೈಕಲ್ ಹತ್ತಿದರು. ನಡುದಾರಿಯ ಹಳ್ಳ ತುಂಬಿತ್ತು. ಸೈಕಲ್ ಅಲ್ಲೇ ಬಿಟ್ಟು, ಸುತ್ತು ಹಾಕಿ, ಓಡುತ್ತ ನಡೆಯುತ್ತ ಬಾದಾಮಿ ಮುಟ್ಟುವ ಹೊತ್ತಿಗೆ ಎಂಟೂವರೆ. ಠಾಣೆಯವರು ಓದಿದ ಅಂಕಿ ಕೇಳಿ ನಾನು ಎದ್ದು ನಿಂತೆ.

ಅಷ್ಟರಲ್ಲಿ ಇಳಕಲ್ಲಿನ ಆಸ್ಪತ್ರೆಯ ವ್ಯಾನು ಹುನಗುಂದದ ಕಡೆಯ ತಗ್ಗು ಸೇತುವೆ ದಾಟಿ ಹೊಳೆಯಾಚೆಯ ಹಳ್ಳಿಗೆ ಹೋಗಿಯಾಗಿತ್ತು. ಅಲ್ಲಿ ಒಬ್ಬ ಬಸುರಿಗೆ ಎರಡು ದಿನದಿಂದ ಬೇನೆ. ಸಂಗಪ್ಪನವರು ಜೀಪು ತೆಗೆದುಕೊಂಡು ಸೇತುವೆಗೆ ಓಡಿದರು. ಅವರು ಮುಟ್ಟಿದಾಗ ವ್ಯಾನು ಹೆಂಗಸನ್ನು ಕೂರಿಸಿಕೊಂಡು ವಾಪಸ್ಸು ಬರುತ್ತ ಸೇತುವೆಯ ನಡುವೆ ಇಂಜಿನು ನೆನೆದು ನಿಂತಿತ್ತು. ನೀರು ಬಾಗಿಲಿನ ಮಟ್ಟಕ್ಕೆ ಬಂದಿತ್ತು. ಊರ ಮಂದಿ ಬಾವಿಯ ಹಗ್ಗಗಳನ್ನು ಗಂಟು ಹಾಕಿ, ಹನ್ನೆರಡು ಜನ ಸಾಲಾಗಿ ಎದೆಯುದ್ದ ನೀರಿನಲ್ಲಿ ನಿಂತು, ಆ ಹೆಂಗಸನ್ನು ಕೈಯಿಂದ ಕೈಗೆ ದಾಟಿಸಿದರು. ಕಂಪೌಂಡರನ ಮೊಳಕೈ ಮುರಿಯಿತು. ಮಗು ದಂಡೆಯ ಮೇಲೆ, ಜೀಪಿನ ಮರೆಯಲ್ಲಿ ಹುಟ್ಟಿತು. ಅರ್ಧ ಗಂಟೆ ಕಳೆಯುವುದರೊಳಗೆ ವ್ಯಾನು ಮಗುಚಿ ತೇಲಿ ಹೋಯಿತು.

ಸೇತುವೆಯಿಂದ ಹುನಗುಂದ ಠಾಣೆಗೆ ಬಂದವರು ಹೇಳಿದಂತೆ ಇದನ್ನೆಲ್ಲ ನಾನು ಬಾಗಲಕೋಟೆಯ ಕೋಣೆಯಲ್ಲಿ ತುಂಡು ತುಂಡಾಗಿ ಕೇಳುತ್ತಿದ್ದೆ. ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮೈಕಿನ ವೈರು ಎಷ್ಟು ಉದ್ದವೋ ಅಷ್ಟರಲ್ಲೇ ಅತ್ತಿಂದಿತ್ತ ತಿರುಗಿದೆ. ಎಲ್ಲರೂ ಬದುಕಿದರು ಎಂದು ಠಾಣೆಗೆ ಮರಳಿದ ಸಂಗಪ್ಪನವರು ಹೇಳಿದ ಮೇಲೆ ನೆಲದ ಮೇಲೆಯೇ ಕೂತೆ.

ಮಧ್ಯಾಹ್ನ ದೊಡ್ಡ ಸಾಹೇಬರಿಂದ ಸಂದೇಶ ಬಂತು. ಅಳತೆಯ ಕೋಣೆಯಲ್ಲಿ ಸೆಟ್ಟಿರುವಾಗ ಸುದ್ದಿ ತಡವಾದದ್ದೇಕೆ? ಸೆಟ್ಟು ಕೆಟ್ಟಿತ್ತೋ, ಆ ಮನುಷ್ಯನ ಅಸಡ್ಡೆಯೋ? ಎರಡು ದಿನದಲ್ಲಿ ಬರೆದು ಕಳಿಸಿ. ಅಸಡ್ಡೆಯಾದರೆ ಅವನನ್ನು ಅಂದೇ ತೆಗೆದುಬಿಡಿ.

ಮರುದಿನ ನೀರು ಇಳಿದ ಮೇಲೆ ನಾನು, ರಾಜೇಸಾಬ ಅಳತೆಯ ಕೋಣೆಗೆ ಹೋದೆವು. ಸೆಟ್ಟು ಕೆಟ್ಟಿದ್ದರೆ ಸಾಕು ಎಂದು ದಾರಿಯುದ್ದಕ್ಕೂ ಬನಶಂಕರಿಗೆ ಹರಕೆ ಹೊತ್ತುಕೊಂಡೆ. ಕೋಣೆ ಗುಡಿಸಿ ಚೊಕ್ಕಟವಾಗಿತ್ತು. ಸೆಟ್ಟಿನ ಮೇಲೆ ಧೂಳಿನ ಕಣವಿಲ್ಲ. ಮೈಕನ್ನು ರವಿಕೆಗೆಂದು ನೇಯುವ ಗುಳೇದಗುಡ್ಡದ ಖಣದ ಹೊಸ ತುಂಡಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ ಗುಂಡಿ ಒತ್ತಿ ಕರೆದೆ. ಉಳಿದ ಕಡೆಗಳಿಂದ ಗಂಟೆ ಬಾರಿಸಿದಂತೆ ಉತ್ತರ ಬಂತು.

"ಸೆಟ್ಟಿಗೆ ಏನೂ ಆಗಿಲ್ರಿ" ಎಂದರು ಹನಮಪ್ಪನವರು. "ವಾರಕ್ಕೊಮ್ಮೆ ಬ್ಯಾಟ್ರಿ ಚಾರ್ಜ್ ಮಾಡ್ಸೇನ್ರಿ."

"ಮತ್ತೆ ಮಾತಾಡಲಿಲ್ಲ ಯಾಕೆ? ಜನ ಸಾಯುತ್ತಿದ್ದರಲ್ಲ!"

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನೀವ ಹೇಳಿದ್ರಲ್ರಿ, ಬಾಯಿ ಮುಚ್ಚು ಅಂತ. ಮುಚ್ಚೀನ್ರಿ." ಇಷ್ಟು ಹೇಳಿ ಹೊಳೆಯ ಕಡೆ ಮುಖ ಮಾಡಿದರು. ಆಮೇಲೆ ತಾವಾಗಿಯೇ ಎಂದರು, "ತಪ್ಪು ನಂದ ಐತ್ರಿ. ನಿನ್ನಿ ಮುಂಜಾನಿ ಮೂರು ಸಲ ಮೈಕ ಕೈಯಾಗ ತಗೊಂಡೆ. ಗುಂಡಿ ಒತ್ತಾಕ ಬೆರಳು ಏಳಲಿಲ್ರಿ. ಓಡಿದ್ರ ಮುಟ್ಟತೇನಿ ಅನ್ಕೊಂಡೆ. ಬರಕೊಂಡ ಹೋಗ್ರಿ, ನಾ ಒಲ್ಲೆ ಅನ್ನಾಂಗಿಲ್ಲ."

ಮೈಕನ್ನು ಮತ್ತೆ ಆ ಖಣದಲ್ಲಿ ಸುತ್ತಿಟ್ಟು ಹೊರಗೆ ಬಂದೆ. ವಾಪಸ್ಸು ಬರುವಾಗ ಜೀಪಿನಲ್ಲಿ ನಾನೇ ಮೊದಲು ಮಾತಾಡಿದೆ. "ಒಂದು ಮಾತಿಗೆ ಇಷ್ಟು ಹಟವಾ ರಾಜೇಸಾಬ?"

ರಾಜೇಸಾಬ ಜೀಪು ನಿಲ್ಲಿಸಿದ. "ಸಾಹೇಬ್ರ, ನೀವು ಅವ್ರನ್ನ ಕರೆಸಿ ಮೂಲ್ಯಾಗ ನಿಲ್ಲಿಸಿ ಬೈದಿದ್ರ, ಒಂದ ಬೀಡಿ ಸೇದಿ ಮರೀತಿದ್ರು. ನೀವು ಬೈದಿದ್ದು ಬೀಗ್ರ ಕಿವಿಯಾಗ. ಹೆಣ್ಣು ಕೊಟ್ಟವರು ಅವ್ರು. ಶಾಂತವ್ವ ಆ ಮನ್ಯಾಗ ತಲಿ ಎತ್ತಿ ಬಾಳೇವು ಮಾಡಬೇಕಲ್ರಿ. ಗುಂಡಿ ಒತ್ತಿದ್ರ ಮತ್ತ ಅದಽ ಕಿವಿ. ನೀವು ಮತ್ತೊಮ್ಮೆ ಬೈದ್ರ?"

"ಈಗೇನು ಮಾಡಲಿ?"

"ಸಂತ್ಯಾಗ ಬೈದವ್ರು ಮನಿಗೆ ಬಂದು ಕೈ ಮುಗದ್ರ ನಡೀತದೇನ್ರಿ?" ಎಂದು ಗೇರು ಹಾಕಿದ.

ಸೆಟ್ಟು ಕೆಟ್ಟಿತ್ತು ಎಂದು ಬರೆದರೆ ಹನಮಪ್ಪನವರು ಉಳಿಯುತ್ತಾರೆ, ನಾಲ್ಕು ತಿಂಗಳು ಗುಡ್ಡ ಹತ್ತಿ ಕಟ್ಟಿದ ಯೋಜನೆ ಮುಳುಗುತ್ತದೆ. ಮನುಷ್ಯನ ಅಸಡ್ಡೆ ಎಂದು ಬರೆದರೆ ಯೋಜನೆ ಉಳಿಯುತ್ತದೆ, ಅವರ ಹದಿನಾಲ್ಕು ವರ್ಷ ಹೊಳೆಯ ಪಾಲು. ಎರಡನ್ನೂ ಒಂದೊಂದು ಸಲ ಬರೆದೆ, ಒಂದೊಂದು ಸಲ ಹರಿದೆ. ನಾನು ಒಳ್ಳೆಯವನೆಂದು ತೋರಿಸಲು ಇದನ್ನು ಹೇಳುತ್ತಿಲ್ಲ; ಅಸಡ್ಡೆ ಎಂದು ಬರೆದ ಹಾಳೆಗೆ ಸಹಿ ಕೂಡ ಹಾಕಿದ್ದೆ. ಅದನ್ನು ಲಕೋಟೆಗೆ ಹಾಕುವಾಗ ಆ ಖಣದ ತುಂಡು ಕಣ್ಣಿಗೆ ಕಟ್ಟಿತು. ಮಾತಾಡಬಾರದೆಂದು ಕೂತವರು ಮಾತಾಡುವ ವಸ್ತುವನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರಲ್ಲ, ಯಾಕೆ? ನಾನು ಕರೆಯಲಿ ಎಂದು ಕಾಯುತ್ತಿದ್ದರೇ?

ಮೂರನೆಯ ಹಾಳೆ ಚಿಕ್ಕದು. ಸೆಟ್ಟು ಸರಿಯಾಗಿತ್ತು. ಆ ನೌಕರರನ್ನು ಎಲ್ಲರೂ ಕೇಳುವಂತೆ ಹೀನಾಯವಾಗಿ ಬೈದು ಮಾತಾಡದಂತೆ ಮಾಡಿದವನು ನಾನು. ಅಂಕಿ ಸೈಕಲ್ಲಿನ ಮೇಲೆ ಬರುತ್ತಿದೆ ಎಂದು ಗೊತ್ತಿದ್ದೂ ಕೇಳದವನು ನಾನು. ಹೊಣೆ ನನ್ನದು.

ಅದಕ್ಕೆ ಫಲವೂ ಸಿಕ್ಕಿತು. ನನ್ನ ಬಡ್ತಿ ನಿಂತಿತು, ಮಳೆಗಾಲ ಮುಗಿಯುತ್ತಲೇ ಬೇರೆ ಕಡೆಗೆ ವರ್ಗವಾಯಿತು. ಎಲ್ಲರೂ ಒಂದೇ ಜಾಲದಲ್ಲಿ ಮಾತಾಡುವ ಯೋಜನೆ ಕಡತದಲ್ಲೇ ಮಲಗಿತು. ಆಮೇಲೆ ಒಂದೊಂದು ಇಲಾಖೆಯೂ ತನ್ನದೇ ಕಂಬ ನೆಟ್ಟುಕೊಂಡಿತಂತೆ. ನಮ್ಮ ಆರು ಸೆಟ್ಟು ಒಟ್ಟಿಗೆ ಮಾತಾಡಿದ್ದು ಆ ಒಂದು ಮಳೆಗಾಲ ಮಾತ್ರ. ಹನಮಪ್ಪನವರ ಕೆಲಸ ಹೋಗಲಿಲ್ಲ. ಮುಂದಿನ ವರ್ಷ ಕಾಯಂ ಆದರು ಎಂದು ರಾಜೇಸಾಬ ಕಾಗದ ಬರೆದಿದ್ದ.

ಆದರೆ ನನಗೆ ಬಾದಾಮಿಯ ಆ ಅಂಗಡಿಯ ಮುಂದೆ ನೆನಪಾದದ್ದು ಕಡತವಲ್ಲ. ಲಕೋಟೆ ಟಪಾಲಿಗೆ ಹಾಕಿದ ಮರುದಿನ ಮುಂಜಾನೆ ಎಂಟು ಗಂಟೆ. ಎಲ್ಲ ಜಾಗದವರೂ ಸೆಟ್ಟಿನ ಮುಂದೆ ಇರುವ ಹೊತ್ತು. ಹಿಂದಿನ ಸಂಜೆಯೇ ರಾಜೇಸಾಬ ಅಳತೆಯ ಕೋಣೆಗೆ ಹೋಗಿ, ನಾಳೆ ಚೀಟಿ ಒಯ್ಯಬೇಡಿ, ಸೆಟ್ಟು ಹಚ್ಚಿ ಕೂರಿ ಎಂದು ಹೇಳಿ ಬಂದಿದ್ದ. ನಾನು ಮೈಕು ಹಿಡಿದೆ. ಬೆರಳು ಏಳುವುದಿಲ್ಲ ಎಂದರೆ ಏನೆಂದು ಆಗ ತಿಳಿಯಿತು. ಆದರೂ ಒತ್ತಿದೆ.

"ನಮಸ್ಕಾರ ಹನಮಪ್ಪನವರೇ. ಆರಾಮ ಇದ್ದೀರಾ? ಊಟ ಆಯ್ತಾ?" ಎಂದೆ. ಬೆಳಗಿನ ಎಂಟು ಗಂಟೆಗೆ ಎಂಥ ಊಟ! ನಾಷ್ಟಾ ಎಂದು ಕೇಳಬೇಕಿತ್ತು. ಬಾಗಿಲಲ್ಲಿ ರಾಜೇಸಾಬ ಬಾಯಿಗೆ ಕೈ ಅಡ್ಡ ಹಿಡಿದ. ನಾನು ನಿಲ್ಲಿಸಲಿಲ್ಲ. "ಎಲ್ಲ ಸ್ಟೇಷನ್ನಿನವರೂ ಕೇಳಿ. ಹುನಗುಂದದ ಸಂಗಪ್ಪನವರೂ ಕೇಳಿ. ಮೇ ತಿಂಗಳಲ್ಲಿ ನಾನು ಹಿರಿಯರೊಬ್ಬರಿಗೆ ಆಡಬಾರದ ಮಾತು ಆಡಿದೆ. ತಪ್ಪು ನನ್ನದು, ಅವರದಲ್ಲ. ನಿಮ್ಮೆಲ್ಲರ ಎದುರೇ ಬೈದಿದ್ದೆ, ನಿಮ್ಮೆಲ್ಲರ ಎದುರೇ ಕ್ಷಮೆ ಕೇಳುತ್ತಿದ್ದೇನೆ."

ಗುಂಡಿ ಬಿಟ್ಟೆ. ಸರಸರ ಸದ್ದು. ಅಗ್ನಿಶಾಮಕ ಠಾಣೆಯವರು ಯಾವಾಗಲೂ ನಡುವೆ ಬಾಯಿ ಹಾಕುವವರು, ಅವತ್ತು ಅವರೂ ಸುಮ್ಮನಿದ್ದರು. ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ. ನಾನು ಜೀವನದಲ್ಲಿ ಒಂದೇ ಜಾಗದಲ್ಲಿ ಅಷ್ಟು ಹೊತ್ತು ಅಲ್ಲಾಡದೆ ಕೂತದ್ದು ಅದೇ ಮೊದಲು.

ಆಮೇಲೆ ಸೆಟ್ಟು ಟಕ್ ಎಂದಿತು.

"...ಸ್ಕಾರ್ರಿ ಸಾಹೇಬ್ರ. ಹೊಳಿ ಮತ್ತ ಏರಾಕ್ ಹತ್ತೈತ್ರಿ. ಮೊದ್ಲ ಅಂಕಿ ಬರಕೊರ್ರಿ, ಊಟದ್ದು ಆಮ್ಯಾಲ ಮಾತಾಡೂಣು."

ಅಂಕಿ ಒಂದೊಂದಾಗಿ ಬಂತು, ಹಳೆಯ ದೊಡ್ಡ ದನಿಯಲ್ಲಿ. ನನ್ನ ಕೈಗೆ ಪೆನ್ಸಿಲ್ಲೂ ಸಿಗಲಿಲ್ಲ, ಕಣ್ಣಿಗೆ ಹಾಳೆಯೂ ಕಾಣಲಿಲ್ಲ. ಆ ದಿನದ ಅಂಕಿಯನ್ನು ಹುನಗುಂದದಲ್ಲಿ ಬೀಗರು ಬರೆದುಕೊಂಡರು.